ತೋಟದ ಸಾಲಿ, ಊರ ಸಾಲಿ, ಕೆಪಿಎಸ್: ಒಂದನೇ ಇಯತ್ತೆಗೆ ಯಾವುದು?

ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ತೋಟದ ವಸ್ತಿಯಲ್ಲಿರುವವರ ಮುಂದೆ ಸಾಮಾನ್ಯವಾಗಿ ಮೂರು ಸರಕಾರಿ ಸಾಲಿ ಇರುತ್ತವೆ: ನಡೆದು ಹೋಗುವಷ್ಟು ಹತ್ತಿರದ ತೋಟದ ಸಾಲಿ (1ರಿಂದ 5), ಊರೊಳಗಿನ ಹಿರಿಯ ಪ್ರಾಥಮಿಕ (1ರಿಂದ 7 ಅಥವಾ 8), ದೊಡ್ಡ ಊರಿನ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್). ಮೂರೂ ಕಡೆ ಮಕ್ಕಳ ಪಕ್ಕ ಕೂತು ಓದಿಸಿ ನೋಡಿದ ಮೇಲೆ ನಮ್ಮ ತೀರ್ಮಾನ: ಇಬ್ಬರು ಶಿಕ್ಷಕರಿದ್ದರೆ ಮೂರನೇ ಇಯತ್ತೆ (ತರಗತಿ)ವರೆಗೆ ತೋಟದ ಸಾಲಿಯೇ ಮೇಲು, ನಾಲ್ಕರಿಂದ ಊರ ಸಾಲಿ. ಕೆಪಿಎಸ್ ಬೇಕೆಂದರೆ ಮೊದಲು ದಾರಿ ನೋಡಬೇಕು.

ಊಟ, ಪುಸ್ತಕ, ಸಮವಸ್ತ್ರ ಹೋಲಿಸಿ ಫಲವಿಲ್ಲ. ಬಿಸಿಯೂಟದ ಲೆಕ್ಕ ಎಲ್ಲೆಡೆ ಒಂದೇ: 5ರವರೆಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ಕ್ಕೆ 150 ಗ್ರಾಂ. ಆದರೆ 25ರೊಳಗೆ ಮಕ್ಕಳಿದ್ದರೆ ಅಡುಗೆಯವರು ಒಬ್ಬರೇ. ಅವರು ಬಾರದ ದಿನ ಒಲೆಯ ಚಿಂತೆ ಶಿಕ್ಷಕರ ತಲೆಗೆ, ಪಾಠ ಹಿಂದೆ.

ನಿಜವಾದ ವ್ಯತ್ಯಾಸ ಇರುವುದು ನಲಿಕಲಿ ಕೋಣೆಯಲ್ಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಸರಕಾರಿ ಪದ್ಧತಿಯ ಕೋಣೆಯಲ್ಲಿ. 1, 2, 3ನೇ ಇಯತ್ತೆ ಅಲ್ಲಿ ಕೂಡಿ ಕೂರುತ್ತವೆ. ಪ್ರತಿ ಮಗು ತನ್ನ ಚಟುವಟಿಕೆಯ ಕಾರ್ಡ್ ಹಿಡಿದು ಕಲಿಕೆಯ ಏಣಿಯಲ್ಲಿ ತನ್ನ ಮೆಟ್ಟಿಲು ಹತ್ತಬೇಕು. ಹದಿನೈದಿಪ್ಪತ್ತು ಮಕ್ಕಳಿದ್ದರೆ ಅಕ್ಕೋರು ಒಬ್ಬೊಬ್ಬರ ಬಳಿಯೂ ಕೂರಬಲ್ಲರು. ನಲವತ್ತಾದರೆ ಶಿಕ್ಷಕರ ನೆರವು ಬೇಕಾದ ‘ತಟ್ಟೆ’ಯಲ್ಲೇ (ನಲಿಕಲಿಯಲ್ಲಿ ಮಕ್ಕಳ ಗುಂಪಿಗೆ ಹೀಗೆನ್ನುತ್ತಾರೆ) ಅವರ ವೇಳೆ ಮುಗಿಯುತ್ತದೆ. ಉಳಿದ ಮಕ್ಕಳು ಪಕ್ಕದವರದು ನೋಡಿ ಬರೆಯುತ್ತಾರೆ. ಒಳಗೆ ಹೋದಾಗ ಮೂರು ನೋಡಿ. ಮೇಲೆ ಕಟ್ಟಿದ ಚಪ್ಪರದಲ್ಲಿ ತೂಗುತ್ತಿರುವ ಚಿತ್ರಗಳು ಈ ವರ್ಷದ್ದೋ, ಬಣ್ಣ ಮಾಸಿದ ಹಳೆಯವೋ? ಗೋಡೆಯ ಕೆಳಭಾಗದ ಮಕ್ಕಳ ಕರಿಹಲಗೆಯಲ್ಲಿ ಇಂದಿನ ಸುಣ್ಣದ ಬರಹ ಇದೆಯೇ? ಯಾವ ಮಗು ಎಲ್ಲಿಗೆ ತಲುಪಿದೆ ಎಂದು ತೋರಿಸುವ ‘ಪ್ರಗತಿ ನೋಟ’ ಪಟ್ಟಿಯಲ್ಲಿ ಗುರುತು ಮಗುವಿಗೊಂದು ಬಗೆ ಇದೆಯೋ, ಎಲ್ಲರದೂ ಒಂದೇ ಸಾಲಿನಲ್ಲಿ ನಿಂತಿದೆಯೋ? ಒಂದೇ ಸಾಲಿನಲ್ಲಿದ್ದರೆ ಅದು ಕಡತಕ್ಕಾಗಿ ತುಂಬಿದ್ದು.

ಮಗುವನ್ನು ಅ, ಆ, ಇ, ಈ ಹೇಳು ಎಂದು ಪರೀಕ್ಷಿಸಬೇಡಿ. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ‘ಗರಗಸ’ದ ಚಿತ್ರವನ್ನು ಅಂಗೈಯಿಂದ ಮುಚ್ಚಿ ಪದವನ್ನಷ್ಟೇ ತೋರಿಸಿ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರೆ ಓದು ಬಂದಿದೆ. ಮೇಲೆ ನಿಮ್ಮ ಮುಖ ನೋಡಿದರೆ ಬಂದಿರುವುದು ಬಾಯಿಪಾಠ.

ತೋಟದ ಸಾಲಿಯ ದೊಡ್ಡ ಅಪಾಯ ಒಬ್ಬರೇ ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗೂ ಇಬ್ಬರು ಇರಬೇಕು. ಕಾಗದದ ಮೇಲೆ ಇಬ್ಬರಿದ್ದು ಒಬ್ಬರು ನಿಯೋಜನೆ ಮೇಲೆ ಬೇರೆಡೆ ಇರುವುದುಂಟು. ಹಾಗಾಗಿ ‘ಹುದ್ದೆ ಎಷ್ಟು’ ಎಂದು ಕೇಳದೆ ‘ದಿನಾ ಬರುವವರು ಎಷ್ಟು’ ಎಂದು ಎಸ್‌ಡಿಎಂಸಿ (ಪಾಲಕರೇ ಇರುವ ಸಾಲಿ ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಕೇಳಿ. ಒಬ್ಬರೇ ಎಂದರೆ ಆ ಸಾಲಿ ಬೇಡ. ತರಬೇತಿ, ಸಭೆ, ಚುನಾವಣೆ ಕೆಲಸ ಬಂದ ದಿನ ಐದೂ ಇಯತ್ತೆಗೆ ಪಾಠವಿಲ್ಲ.

ನಾಲ್ಕರಿಂದ ವಿಷಯವಾರು ಪಾಠ. ತೋಟದಲ್ಲಿ 4, 5 ಕೂಡಿಸಿ ಕಲಿಸುತ್ತಾರೆ, ಗಣಿತ ಸೊರಗುತ್ತದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಇವಕ್ಕೆಲ್ಲ ಆರನೇ ತರಗತಿಗೆ ಪ್ರವೇಶ; ತಯಾರಿ ಐದರಲ್ಲೇ ಆಗಬೇಕು. ಓರಗೆಯ ಮಕ್ಕಳು ಹೆಚ್ಚಿರುವ ಊರ ಸಾಲಿಯಲ್ಲಿ ಅದು ನಡೆಯುತ್ತದೆ. ಅಲ್ಲಿ ಕೇಳಬೇಕಾದ್ದು 6-7ಕ್ಕೆ ಗಣಿತ-ವಿಜ್ಞಾನದ ಕಾಯಂ ಶಿಕ್ಷಕರು ಇದ್ದಾರೆಯೇ ಎಂದು. ಅತಿಥಿ ಶಿಕ್ಷಕರ ನೇಮಕ ಸಾಲಿ ಶುರುವಾದ ಮೇಲೆ ಆಗುವುದರಿಂದ ಮೊದಲ ಪಾಠಗಳು ಓಟದಲ್ಲಿ ಮುಗಿಯುತ್ತವೆ.

ಕೆಪಿಎಸ್‌ನ ಬಲ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗ. ಅದರ ದ್ವಿಭಾಷಾ ಪುಸ್ತಕದಲ್ಲಿ ಇಂಗ್ಲಿಷ್ ಪುಟದ ಎದುರಿಗೇ ಕನ್ನಡ ಪುಟ ಇರುವುದರಿಂದ ಮನೆಯಲ್ಲಿ ತಾಯಿಯೂ ಹೇಳಿಕೊಡಬಹುದು. ತೊಡಕು ದಾರಿಯದು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ನಡುವೆ ಆರು ವರ್ಷದ ಮಗುವನ್ನು ಒಂಟಿಯಾಗಿ ಬಿಡಲಾಗದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಗಂಡುಮಕ್ಕಳಿಗೆ ಪಾಸ್ ಮಾಡಿಸಬೇಕು. ಶನಿವಾರ ಮುಂಜಾನೆಯ ಸಾಲಿ ಬಿಟ್ಟಾಗ ನಿಮ್ಮ ಕಡೆ ಬಸ್ ಇದೆಯೇ ಎಂಬುದನ್ನು ತಪ್ಪದೆ ವಿಚಾರಿಸಿ. ಬಹಳ ಮಂದಿ ಮರೆಯುವುದು ಇದನ್ನೇ.

ಸಾಲಿ ಬದಲಿಸುವುದಾದರೆ ಜೂನ್ ಮೊದಲ ವಾರದಲ್ಲೇ ಟಿಸಿ ತೆಗೆಸಿ, ಮಗುವಿನ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ) ಹೊಸ ಸಾಲಿಗೆ ವರ್ಗವಾಗಿದೆಯೇ ಎಂದು ಮುಖ್ಯಗುರುಗಳ ಬಳಿ ಖಚಿತಪಡಿಸಿಕೊಳ್ಳಿ.