ಎರಕದ ಸೀಸದ ಚೂರು ಕೋವಿಗೆ ಬೇಡ

ಸೂಳೆಕೆರೆ ಸುತ್ತಮುತ್ತ, ಚನ್ನಗಿರಿ ಕಡೆ ಬೆಳೆ ಕಾಯಲು ಕೋವಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಮೀನಿನ ಬೀಸುಬಲೆ ಮುಳುಗಲಿ ಅಂತ ಕಟ್ಟುವ ಸೀಸದ ಗುಂಡು ಎರಕ ಹೊಯ್ದ ಮೇಲೆ ಒಂದಿಷ್ಟು ತುಣುಕು, ತೊಟ್ಟಿಕ್ಕಿ ಗಟ್ಟಿಯಾದ ಚೂರು ಉಳಿಯುತ್ತವಲ್ಲ, ಅದನ್ನು ಚರೆಯ (ಕೋವಿಯ ಸಣ್ಣ ಸೀಸದ ಕಾಳು) ಬದಲು ತೋಟಾದೊಳಗೆ ತುಂಬುವ ಚಾಳಿ ಶುರುವಾಗಿದೆ. ನಮ್ಮ ದೊಡ್ಡಪ್ಪನ ಎಡಗೈ ಹಾಳಾಗಿದ್ದು ಇದರಿಂದಲೇ.

ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ಇಳಿಯುತ್ತೆ. ದೊಡ್ಡಪ್ಪನ ಹತ್ತಿರ ಲೈಸೆನ್ಸ್ ಇರುವ ಒಂಟಿನಳಿಗೆ ಕೋವಿ ಇತ್ತು. ಸುಮ್ನೆ ಹೆದರಿಸೋಕೆ ಅಂತ ಎಲ್ಲರೂ ಹೇಳ್ತಾರೆ. ಸದ್ದು ಮಾಡೋಕೆ ಸೀಸ ಯಾಕೆ ಬೇಕು ಅಂತ ಕೇಳಿದರೆ ಮಾತ್ರ ಯಾರೂ ಬಾಯಿ ಬಿಡಲ್ಲ. ಅಂಗಡಿ ತೋಟಾ ದುಬಾರಿ, ಸಿಗೋದೂ ಲೆಕ್ಕದಲ್ಲಿ. ಅಷ್ಟರಲ್ಲಿ ಬಲೆ ಹೆಣೆಯುವ ಪರಿಚಯದವರೊಬ್ಬರು ಒಂದು ಡಬ್ಬಿ ಚೂರು ತಂದುಕೊಟ್ಟು, "ಸೀಸ ಅಂದ್ರೆ ಸೀಸ, ಅದ್ರಾಗೇನೈತಿ ಬಿಡಣ್ಣ" ಅಂದರಂತೆ.

ಬಹಳ ಐತಿ. ಕಾರ್ಖಾನೆಯ ಚರೆ ಗುಂಡಗೆ, ಒಂದೇ ಅಳತೆಗೆ ಇರುತ್ತೆ. ತೋಟಾದಲ್ಲಿ ಮದ್ದು ಎಷ್ಟು, ಚರೆ ಎಷ್ಟು ತೂಕ ಅನ್ನೋದು ಒಂದಕ್ಕೊಂದು ಹೊಂದಿಸಿದ ಲೆಕ್ಕ. ಕೈಯಳತೆಯಲ್ಲಿ ಚೂರು ಸುರಿದರೆ ಆ ಲೆಕ್ಕ ತಪ್ಪುತ್ತೆ, ನಳಿಗೆಯೊಳಗಿನ ಒತ್ತಡ ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ. ಇನ್ನೊಂದು ವಿಷಯ. 12 ಬೋರ್ ಕೋವಿಯ ನಳಿಗೆ ಒಳಗಡೆ ಸುಮಾರು 18.5 ಮಿಲಿಮೀಟರ್ ಅಗಲ. ಎಷ್ಟೋ ಕೋವಿಗಳಲ್ಲಿ ತುದಿಗೆ ಬರುವಾಗ ಅದು ಕಿರಿದಾಗುತ್ತೆ, ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಗುಂಡಗಿನ ಚರೆ ಅಲ್ಲಿ ನುಸುಳಿಕೊಂಡು ಹೋಗುತ್ತೆ. ಕೊಂಕು ಮೂಲೆಯ ಚೂರುಗಳು ಒಂದರ ಮೇಲೊಂದು ಬಿದ್ದು ಅಡ್ಡ ಸಿಕ್ಕಿಕೊಳ್ಳಬಹುದು. ಮೇಲಾಗಿ ಈ ಸೀಸ ಹಳೇ ಬ್ಯಾಟರಿಯದು. ಬ್ಯಾಟರಿ ತಗಡು ಗಟ್ಟಿಯಾಗಲಿ ಅಂತ ಅದಕ್ಕೆ ಆಂಟಿಮನಿಯಂಥ ಬೇರೆ ಲೋಹ ಬೆರೆಸಿರುತ್ತಾರೆ. ಅಂದರೆ ಅದು ಬರೀ ಸೀಸವೂ ಅಲ್ಲ.

ಮೊದಲ ಈಡು ಹಾರಿತು, ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆಮೇಲೆ ಹಾರಿಸಿದಾಗ ನಳಿಗೆ ಉಬ್ಬಿ ಸೀಳಿತು. ಮುಂಗೈ ಹರಿಯಿತು, ಕಿವಿ ಇವತ್ತಿಗೂ ಗುಂಯ್ ಅನ್ನುತ್ತೆ. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಕೋವಿ ಗಾಯ ಅಂದಮೇಲೆ ಪೊಲೀಸರಿಗೆ ತಿಳಿಸೋದು ಆಸ್ಪತ್ರೆಯವರ ಕೆಲಸ, ತಿಳಿಸಿದರು. ಕೋವಿ ಠಾಣೆಗೆ ಹೋಯಿತು, ಲೈಸೆನ್ಸ್ ಅಮಾನತಾಯಿತು.

ಸರ್ಜನ್ ಕೈಯೊಳಗಿನ ಎಲ್ಲ ಚೂರನ್ನೂ ತೆಗೆಯಲಿಲ್ಲ. ಮಾಂಸದಲ್ಲಿ ಹೂತಿದ್ದನ್ನು ಕೆದಕಿದರೆ ನರಕ್ಕೆ ಪೆಟ್ಟಾಗುತ್ತೆ ಅಂದರು. ಮಣಿಕಟ್ಟಿನ ಕೀಲಿನ ಹತ್ತಿರದ್ದನ್ನು ಮಾತ್ರ ಬಿಡಲಿಲ್ಲ. ಕೀಲಿನ ನೀರಿನಲ್ಲಿ ಸೀಸ ಮೆಲ್ಲಗೆ ಕರಗಿ ರಕ್ತ ಸೇರುತ್ತಂತೆ. ಆ ಮಾತಿನ ನಡುವೆಯೇ ಅವರು ಕೇಳಿದ್ದು: "ಈ ಸೀಸ ಕರಗಿಸಿದ್ದು ಎಲ್ಲಿ? ಅಲ್ಲಿ ಮಕ್ಕಳಿದ್ದಾರಾ?"

ಇದ್ದರು. ಬಲೆಯವರ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಪಕ್ಕದಲ್ಲೇ ಒಲೆ. ಸೀಸ 327 ಡಿಗ್ರಿಗೆ ಕರಗುತ್ತೆ, ಸೌದೆ ಒಲೆಗೆ ಅದು ಕಷ್ಟವೇ ಅಲ್ಲ. ಮೇಲೆ ಕಟ್ಟುವ ಬೂದು ಕಿಟ್ಟವನ್ನು ಅಲ್ಲೇ ಚೆಲ್ಲಿ, ಮರುದಿನ ಪೊರಕೆಯಿಂದ ಗುಡಿಸುತ್ತಿದ್ದರು. ಹೊಗೆಗಿಂತ ಈ ಪುಡಿಗೇ ನಾನು ಜಾಸ್ತಿ ಹೆದರುತ್ತೇನೆ. ಕಣ್ಣಿಗೆ ಕಾಣಲ್ಲ. ನೆಲಕ್ಕೆ, ಬಟ್ಟೆಗೆ, ಅಂಬೆಗಾಲಿಡುವ ಮಗುವಿನ ಬೆರಳಿಗೆ ಅಂಟುತ್ತೆ, ಅಲ್ಲಿಂದ ಬಾಯಿಗೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ಅದೇ ಸಂಸ್ಥೆ 2021ರಲ್ಲಿ ಹೇಳಿದೆ. ಆ ಮನೆಯ ಸಣ್ಣ ಹುಡುಗಿಯದು ಅದಕ್ಕಿಂತ ಎಷ್ಟೋ ಮೇಲಿತ್ತು. ಹೊಟ್ಟೆನೋವು, ಮಲಬದ್ಧತೆ, ರಕ್ತ ಕಡಿಮೆ. ಇಷ್ಟು ದಿನ ಜಂತುಹುಳುವಿನ ಔಷಧಿ ಕೊಡಿಸುತ್ತಿದ್ದರು, ಪಾಪ.

ಕಾನೂನಿನ ಮಾತು ಚಿಕ್ಕದು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ತೋಟಾ ತಯಾರಿಸುವ ಲೈಸೆನ್ಸ್ ಅಲ್ಲ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಹಂದಿಗೆ ತಗುಲಿದರೆ ವನ್ಯಜೀವಿ ಕಾಯ್ದೆಯ ಕೇಸು ಬೇರೆ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ದುಡ್ಡು ಬರೋದು ತಡ, ನಿಜ. ಫೋಟೋ, ಪಹಣಿ ಇಟ್ಟುಕೊಂಡು ಬೇಗ ಹಾಕಿ.

ಮನೆಯಲ್ಲಿ ಈಗಾಗಲೇ ಇಂಥ ತೋಟಾ ಇದ್ದರೆ ಹಾರಿಸಬೇಡಿ, ಬಿಚ್ಚಲೂ ಬೇಡಿ, ಒಲೆಗಂತೂ ಹಾಕಬೇಡಿ. ಗೊತ್ತಿರುವ ವಕೀಲರನ್ನು ಕೇಳಿಕೊಂಡು ಠಾಣೆಗೆ ಒಪ್ಪಿಸಿ. ಬಲೆಯ ಗುಂಡು ಪೇಟೆಯಲ್ಲಿ ಸಿದ್ಧವಾಗಿಯೇ ಸಿಗುತ್ತೆ, ಹಳೇ ಬ್ಯಾಟರಿ ಅಂಗಡಿಯವರೇ ವಾಪಸ್ ತಗೋತಾರೆ. ಹಿತ್ತಿಲಲ್ಲಿ ಸೀಸ ಕರಗಿಸಿದ್ದರೆ ಅಲ್ಲಿ ಒಣ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಡಾಕ್ಟರಿಗೆ "ಮನೇಲಿ ಸೀಸ ಕರಗಿಸ್ತಿದ್ವಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸೀಸದ ರಕ್ತಪರೀಕ್ಷೆ ಬರೆಯಬೇಕು ಅಂತ ಅವರಿಗೆ ಹೊಳೆಯೋದು ಕಷ್ಟ.