ಲಂಡನ್‌ನಲ್ಲಿ ಫುಟ್‌ಬಾಲ್ ಮ್ಯಾಚ್ ನೋಡುವ ಆಸೆ ಇದೆಯಾ? ಆ ‘ಗ್ಯಾರಂಟಿ ಟಿಕೆಟ್’ ವೆಬ್‌ಸೈಟ್‌ಗಳ ಹತ್ತಿರ ಹೋಗಬೇಡಿ

ಲಂಡನ್‌ಗೆ ಹೋದಾಗ ಒಂದು ಪ್ರೀಮಿಯರ್ ಲೀಗ್ ಮ್ಯಾಚ್ ನೋಡಿಕೊಂಡು ಬರೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕ್ಲಬ್ಬಿನ ಸ್ವಂತ ವೆಬ್‌ಸೈಟ್, ಇಲ್ಲವೇ ಕ್ಲಬ್ಬೇ ಹೆಸರಿಸಿರುವ ಏಜೆಂಟ್. ಇವೆರಡು ಬಿಟ್ಟು ಬೇರೆ ಎಲ್ಲಿಯೂ ಟಿಕೆಟ್ ಕೊಳ್ಳಬೇಡಿ. ಎಲ್ಲಿಯೂ ಅಂದರೆ ಎಲ್ಲಿಯೂ. ನಾನು ಎರಡು ಟಿಕೆಟ್ಟಿಗೆ 540 ಪೌಂಡ್ ಕೊಟ್ಟು, ಮಗನನ್ನು ಕರೆದುಕೊಂಡು ಆರ್ಸೆನಲ್ ಕ್ಲಬ್ಬಿನ ಎಮಿರೇಟ್ಸ್ ಸ್ಟೇಡಿಯಂನ ಗೇಟಿನವರೆಗೆ ಹೋಗಿ, ಅಲ್ಲಿಂದಲೇ ವಾಪಸ್ ಬಂದಿದ್ದೇನೆ. ಹಣ ಹೋಯಿತು ಅನ್ನುವ ಸಂಕಟ ಒಂದು ಕಡೆ. ಅಷ್ಟು ಜನರ ಮುಂದೆ ಮಗನ ಕೈ ಹಿಡಿದುಕೊಂಡು ಕಳ್ಳನ ಹಾಗೆ ಸಾಲಿನಿಂದ ಪಕ್ಕಕ್ಕೆ ಸರಿದು ನಿಂತದ್ದು ಇವತ್ತಿಗೂ ಮೈ ಉರಿಸುತ್ತದೆ.

ನನ್ನ ಮಗನಿಗೆ ಆರ್ಸೆನಲ್ ಅಂದರೆ ಪ್ರಾಣ. 2003–04ರ ಸೀಸನ್‌ನಲ್ಲಿ 38 ಮ್ಯಾಚ್‌ಗಳಲ್ಲಿ ಒಂದನ್ನೂ ಸೋಲಲಿಲ್ಲ, 26 ಗೆಲುವು, 12 ಡ್ರಾ, ಇದೆಲ್ಲ ಅವನಿಗೆ ಬಾಯಿಪಾಠ. ಅವನು ಹುಟ್ಟುವುದಕ್ಕೂ ಮುಂಚಿನ ಕಥೆ ಅದು! ಲಂಡನ್ ಪ್ರವಾಸ ಗೊತ್ತಾದ ದಿನದಿಂದ ಅವನದ್ದು ಒಂದೇ ಮಾತು, ಮ್ಯಾಚ್, ಮ್ಯಾಚ್, ಮ್ಯಾಚ್.

ಈ ಟಿಕೆಟ್ ಸಿಗುವುದು ಎಷ್ಟು ಕಷ್ಟ ಅಂತ ಫುಟ್‌ಬಾಲ್ ನೋಡುವವರಿಗೆ ಗೊತ್ತೇ ಇರುತ್ತದೆ. ಎಮಿರೇಟ್ಸ್‌ನಲ್ಲಿ 60 ಸಾವಿರಕ್ಕೂ ಜಾಸ್ತಿ ಸೀಟು ಇವೆ. ಆದರೆ ಬಹುಪಾಲು ಸೀಸನ್ ಟಿಕೆಟ್ ಇರುವವರ ಪಾಲು. ಉಳಿದದ್ದಕ್ಕೆ ಕ್ಲಬ್ ಸದಸ್ಯರಾಗಬೇಕು, ಆಮೇಲೆ ಬ್ಯಾಲೆಟ್‌ನಲ್ಲಿ, ಅಂದರೆ ಲಾಟರಿ ಎತ್ತಿದಾಗ, ಹೆಸರು ಬರಬೇಕು. ಪ್ರವಾಸಕ್ಕೆ ಬಂದವರಿಗೆ ಇದು ಸುಲಭವಲ್ಲ. ಆ ‘ಗ್ಯಾರಂಟಿ ಟಿಕೆಟ್’ ಮಾರುವ ಕಂಪನಿಗಳು ಬದುಕುತ್ತಿರುವುದೇ ಇದರಿಂದ. ಹುಡುಕಿದರೆ ಮೊದಲು ಕಾಣುವುದೇ ಅವರ ಜಾಹೀರಾತು. ‘ಟೆನ್ಷನ್ ಇಲ್ಲದ ಮ್ಯಾಚ್ ದಿನ’, ‘ನೂರಕ್ಕೆ ನೂರು ಗ್ಯಾರಂಟಿ’, ‘ಪಕ್ಕಪಕ್ಕದ ಸೀಟು’. ಸೀಟಿನ ನಕ್ಷೆ ಇದೆ, ಸಹಾಯಕ್ಕೆ ಚಾಟ್ ಇದೆ, ಕಾರ್ಡಿನಲ್ಲಿ ಹಣ ಕಟ್ಟಿದರೆ ರಸೀದಿ ಕೂಡ ಬರುತ್ತದೆ. ನನಗೆ ಸ್ಟೇಡಿಯಂನ ಕ್ಲಾಕ್ ಎಂಡ್ ಅನ್ನುವ ಸ್ಟ್ಯಾಂಡ್ ಕಡೆ ಎರಡು ಸೀಟು ಅಂತ ಬಂತು. ಅದರಲ್ಲಿ ಬೀದಿ ಬ್ಲ್ಯಾಕ್ ಟಿಕೆಟ್ಟಿನ ವಾಸನೆ ಎಲ್ಲೂ ಇರಲಿಲ್ಲ.

ಮೊದಲ ಕಿರಿಕಿರಿ ಮ್ಯಾಚ್ ದಿನಾಂಕ ಬದಲಾದಾಗ. ಶನಿವಾರ ಇದ್ದದ್ದು ಟಿವಿಗಾಗಿ ಭಾನುವಾರ ಸಂಜೆ 4:30ಕ್ಕೆ ಹೋಯಿತು. ಇಂಗ್ಲೆಂಡಿನಲ್ಲಿ ಇದು ಮಾಮೂಲು. ಅಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಫುಟ್‌ಬಾಲ್ ಲೈವ್ ತೋರಿಸುವಂತಿಲ್ಲ. ಹಾಗಾಗಿ ಟಿವಿಯವರು ಆರಿಸಿಕೊಂಡ ಮ್ಯಾಚ್‌ಗಳು 3 ಗಂಟೆಯಿಂದ ಬೇರೆ ಹೊತ್ತಿಗೆ, ಬೇರೆ ದಿನಕ್ಕೆ ಸರಿಯುತ್ತವೆ. ನಾವು ಭಾನುವಾರ ಬೆಳಿಗ್ಗೆಯೇ ಎಡಿನ್‌ಬರೋಗೆ ರೈಲು ಹತ್ತಬೇಕಿತ್ತು. ಟಿಕೆಟ್ ವಾಪಸ್ ತೆಗೆದುಕೊಳ್ಳಿ ಅಂತ ಕಂಪನಿಗೆ ಬರೆದೆ. “ದಿನಾಂಕ ಬದಲಾವಣೆಗೆ ನಾವು ಜವಾಬ್ದಾರರಲ್ಲ, ಟಿಕೆಟ್ ಹೊಸ ದಿನಕ್ಕೂ ನಡೆಯುತ್ತದೆ” ಅಂದರು. ಸರಿ, ರೈಲು ಬದಲಾಯಿಸಿದೆವು, ಇನ್ನೊಂದು ರಾತ್ರಿಗೆ ಹೋಟೆಲ್ ಹಿಡಿದೆವು. ಆ ಖರ್ಚು ಬೇರೆ.

ಟಿಕೆಟ್ ಮಾತ್ರ ಬರಲೇ ಇಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ, “ಮ್ಯಾಚಿಗೆ 24 ಗಂಟೆ ಮೊದಲು ಬರುತ್ತದೆ, ಚಿಂತೆ ಬೇಡ”. 24 ಗಂಟೆ ದಾಟಿತು. ಮತ್ತೆ ಕೇಳಿದೆ. “ಚಿಂತೆ ಬೇಡ.” ಮ್ಯಾಚ್ ದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಎರಡು ಲಿಂಕ್ ಬಂದವು. ಒತ್ತಿದರೆ ಫೋನಿನ ವ್ಯಾಲೆಟ್‌ನಲ್ಲಿ ಎರಡು ಪಾಸ್ ಕೂತವು. ಪಾಸ್ ಮೇಲೆ ಯಾರದೋ ಹೆಸರು. ಅದೂ ಹೋಗಲಿ, ಒಂದು ಪಾಸ್ ‘ಸೀನಿಯರ್’. ಅಂದರೆ ವಯಸ್ಸಾದವರಿಗೆ ಕೊಡುವ ರಿಯಾಯಿತಿ ಟಿಕೆಟ್! ನನಗಿನ್ನೂ ನಲವತ್ತು ಚಿಲ್ಲರೆ, ಮಗ ಹೈಸ್ಕೂಲು. ಯಾರಿಗೆ ಸೀನಿಯರ್ ಇದು ಅಂತ ಕೇಳಿದರೆ ಬಂದ ಉತ್ತರ ನೋಡಿ: “ಅದು ಸಮಸ್ಯೆಯೇ ಅಲ್ಲ ಸರ್, ಗೇಟಿನಲ್ಲಿ ಯಾರೂ ನೋಡುವುದಿಲ್ಲ. ಮ್ಯಾಚ್ ಎಂಜಾಯ್ ಮಾಡಿ.”

ಹೊಟ್ಟೆಯಲ್ಲಿ ಆಗಲೇ ಸಂಕಟ ಶುರುವಾಗಿತ್ತು. ಆದರೆ ಮಗನ ಮುಖ ನೋಡಿ ಏನು ಹೇಳಲಿ? ಮೆಟ್ರೋದಲ್ಲಿ ಆರ್ಸೆನಲ್ ಸ್ಟೇಷನ್‌ನಲ್ಲಿ ಇಳಿದೆವು. ಗಿಲ್ಲೆಸ್ಪಿ ರೋಡ್ ಅಂತ ಇದ್ದ ಆ ಸ್ಟೇಷನ್‌ಗೆ 1932ರಲ್ಲಿ ಕ್ಲಬ್ಬಿನ ಹೆಸರಿಟ್ಟರಂತೆ, ಅದನ್ನೂ ದಾರಿಯಲ್ಲಿ ಅವನೇ ಹೇಳಿದ. ಸ್ಟೇಡಿಯಂ ಹೊರಗೆ ಆರ್ಸೆನಲ್‌ನ ಹಳೆಯ ಆಟಗಾರ ಥಿಯರಿ ಹೆನ್ರಿಯ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡ. ಬ್ಯಾಗ್ ತಪಾಸಣೆ ಮುಗಿಯಿತು, ಸಾಲಿನಲ್ಲಿ ನಿಂತೆವು. ನಮ್ಮ ಸರದಿ ಬಂತು, ಫೋನ್ ಇಟ್ಟೆ.

ಕೆಂಪು ದೀಪ.

ಮತ್ತೆ ಇಟ್ಟೆ. ಕೆಂಪು. ಮಗನ ಪಾಸ್ ಇಟ್ಟೆ. ಅದೂ ಕೆಂಪು. ಹಿಂದೆ ನಿಂತವರು ಉಸಿರು ಬಿಡುವುದು, ಗೊಣಗುವುದು ಕೇಳಿಸುತ್ತಿತ್ತು. ಗೇಟ್ ನೋಡಿಕೊಳ್ಳುವ ಸಿಬ್ಬಂದಿ (ಸ್ಟುವರ್ಡ್) ಹೆಂಗಸು ಬಂದು ಫೋನ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಫೋನ್ ನೋಡಿದಳು. “ಈ ಹೆಸರು ನಿಮ್ಮದೇನಾ ಸರ್?” ಅಂತ ಕೇಳಿದಳು. ಮಗ ನನ್ನನ್ನೇ ನೋಡುತ್ತಿದ್ದ. ಪಕ್ಕಕ್ಕೆ ಬನ್ನಿ ಅಂದಳು. ಅವಳು ಒರಟಾಗಿ ಏನೂ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಅವಳ ಕಣ್ಣಿನಲ್ಲಿದ್ದ ಆ ‘ಅಯ್ಯೋ ಪಾಪ’ ಇದೆಯಲ್ಲ, ಅದನ್ನೇ ತಡೆದುಕೊಳ್ಳಲು ಆಗಲಿಲ್ಲ.

ಅಲ್ಲೇ ನಿಂತು ಕಂಪನಿಗೆ ಮೆಸೇಜ್ ಹಾಕಿದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ, ಎಲ್ಲ ನನ್ನ ಫೋನಿನಲ್ಲಿದೆ.

“ಸಮಾಧಾನವಾಗಿರಿ ಸರ್, ಸಪ್ಲೈಯರ್ ಹತ್ತಿರ ಕೇಳುತ್ತಿದ್ದೇವೆ.”

“ಫೋನ್ ಆಫ್ ಮಾಡಿ ಆನ್ ಮಾಡಿ.”

“ಬೇರೆ ಗೇಟಿನಲ್ಲಿ ಪ್ರಯತ್ನಿಸಿ.”

ಬೇರೆ ಗೇಟು! ಪಾಸ್ ಮೇಲೆ ಯಾವ ಗೇಟು ಅಂತ ಬರೆದಿರುತ್ತದೆ, ಅಲ್ವಾ? ಟಿಕೆಟ್ ಆಫೀಸಿಗೇ ಹೋಗಿ ಕೇಳುತ್ತೇನೆ ಅಂತ ಹಾಕಿದೆ. ಆಗ ಬಂತು ನೋಡಿ: “ದಯವಿಟ್ಟು ನಮ್ಮಿಂದ ಕೊಂಡಿದ್ದು ಅಂತ ಸಿಬ್ಬಂದಿಗೆ ಹೇಳಬೇಡಿ. ಸ್ನೇಹಿತರು ಕೊಟ್ಟರು ಅನ್ನಿ.”

ಇದನ್ನು ಓದಿದಾಗ ನನ್ನ ಕೈ ನಡುಗಿತು. ಸ್ನೇಹಿತರು ಕೊಟ್ಟರು ಅನ್ನಬೇಕಂತೆ. ನನ್ನ ಮಗನ ಎದುರು, ಪರದೇಶದಲ್ಲಿ, ಯೂನಿಫಾರ್ಮ್ ಹಾಕಿದವರ ಮುಂದೆ ನಾನು ಸುಳ್ಳು ಹೇಳಬೇಕಂತೆ. ಹಣ ತೆಗೆದುಕೊಳ್ಳುವಾಗ ನೂರಕ್ಕೆ ನೂರು ಗ್ಯಾರಂಟಿ, ಗೇಟಿನಲ್ಲಿ ಅವರ ಹೆಸರೇ ಹೇಳಬಾರದು! ತಾವು ಮಾರಿದ್ದು ಎಂಥ ಟಿಕೆಟ್ ಅಂತ ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ಮಾರಿದ್ದು.

ನಾನು ಟಿಕೆಟ್ ಆಫೀಸಿನಲ್ಲಿ ನಿಜವನ್ನೇ ಹೇಳಿದೆ. ಅವರು ಕಂಪ್ಯೂಟರಿನಲ್ಲಿ ನೋಡಿ, ಈ ಎರಡೂ ಟಿಕೆಟ್‌ಗಳು ಸದಸ್ಯರ ಖಾತೆಯವು, ಹೊರಗೆ ಮಾರಾಟವಾಗಿವೆ ಅಂತ ಗೊತ್ತಾಗಿ ಕ್ಲಬ್ ಅವನ್ನು ರದ್ದು ಮಾಡಿದೆ ಅಂದರು. ಒಳಗೆ ಬಿಡಲು ಆಗುವುದಿಲ್ಲ, ಹಣ ಕ್ಲಬ್ಬಿಗೆ ಬಂದಿಲ್ಲವಾದ್ದರಿಂದ ವಾಪಸ್ ಕೊಡುವ ಪ್ರಶ್ನೆಯೂ ಇಲ್ಲ. ನಮ್ಮ ಹಾಗೆ ಇನ್ನೂ ಕೆಲವರು ಅಲ್ಲಿ ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನ್, ಎಲ್ಲರ ಮುಖವೂ ಒಂದೇ ಥರ. ಒಳಗೆ ಮ್ಯಾಚ್ ಶುರುವಾದ ಸದ್ದು ಕೇಳಿಸಿತು. ಮಗ “ಅಪ್ಪಾ, ಹೋಗೋಣ” ಅಂದ. ಅಷ್ಟೇ ಅಂದ.

ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಪರಾಧ. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆ್ಯಕ್ಟ್, 166ನೇ ಸೆಕ್ಷನ್. ಸಂಗೀತ ಕಾರ್ಯಕ್ರಮದ ಟಿಕೆಟ್ ಮಾರಿದ ಹಾಗಲ್ಲ ಇದು. 97 ಜನರನ್ನು ಬಲಿ ತೆಗೆದುಕೊಂಡ 1989ರ ಹಿಲ್ಸ್‌ಬರೋ ಸ್ಟೇಡಿಯಂ ನೂಕುನುಗ್ಗಲಿನ ದುರಂತದ ನಂತರ ನಡೆದ ವಿಚಾರಣೆಯ ವರದಿಯಲ್ಲೇ ಹೀಗೆ ಟಿಕೆಟ್ ಮಾರುವುದನ್ನು ತಡೆಯಬೇಕು ಎಂಬ ಸಲಹೆ ಇತ್ತು. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುತ್ತಾರೆ. ಯಾರ್ಯಾರೋ ಯಾರ್ಯಾರಿಗೋ ಟಿಕೆಟ್ ಮಾರಿದರೆ ಆ ವ್ಯವಸ್ಥೆಯೇ ಕೆಡುತ್ತದೆ. ಕಾನೂನು ಹಿಡಿಯುವುದು ಮಾರುವವನನ್ನು, ಕೊಂಡವನನ್ನಲ್ಲ. ಆದರೆ ಗೇಟಿನಲ್ಲಿ ಅವಮಾನ ಅನುಭವಿಸುವವನು ಕೊಂಡವನೇ. ಮಾರಿದವನು ಯಾವುದೋ ದೇಶದಲ್ಲಿ ಆಫೀಸ್ ಇಟ್ಟುಕೊಂಡು ಚಾಟ್ ಮಾಡುತ್ತಾ ಕೂತಿರುತ್ತಾನೆ.

ಇನ್ನು ಆ ಗ್ಯಾರಂಟಿ. ರಾತ್ರಿ ಹೋಟೆಲಿಗೆ ಬಂದು ಹಣ ವಾಪಸ್ ಕೇಳಿದೆ. “ಟಿಕೆಟ್ ಒಪ್ಪಂದದಂತೆ ತಲುಪಿಸಲಾಗಿದೆ” ಅಂತ ಉತ್ತರ. ಒಳಗೆ ಬಿಡಲಿಲ್ಲವಲ್ಲ ಅಂದೆ. “ಪ್ರವೇಶ ನಿರಾಕರಿಸಿದ್ದಕ್ಕೆ ಕ್ಲಬ್ಬಿನಿಂದ ಲಿಖಿತ ಪತ್ರ ಕಳಿಸಿ” ಅಂದರು. ಅವರ ಹೆಸರು ಹೇಳಬಾರದು ಅಂದವರು ಇವರೇ, ಈಗ ಪತ್ರ ಬೇಕು ಅನ್ನುವವರೂ ಇವರೇ. ಕೆಂಪು ದೀಪದ ಫೋಟೋ ಕಳಿಸಿದೆ. ಸಾಕಾಗುವುದಿಲ್ಲ ಅಂದರು. ಕೊನೆಗೆ ಮುಂದಿನ ಬುಕಿಂಗ್ ಮೇಲೆ ಶೇಕಡ 15 ರಿಯಾಯಿತಿ ಕೂಪನ್ ಕಳಿಸಿದರು. ಮುಂದಿನ ಬುಕಿಂಗ್ ಅಂತೆ! ಆ ಮೇಲ್ ಓದಿ ನನ್ನ ಹೆಂಡತಿ ಫೋನ್ ಕಿತ್ತುಕೊಂಡು ಪಕ್ಕಕ್ಕಿಟ್ಟಳು, ಇಲ್ಲದಿದ್ದರೆ ಏನು ಬರೆಯುತ್ತಿದ್ದೆನೋ.

ಈಗ ಕಾರ್ಡಿನಲ್ಲಿ ಕಟ್ಟಿದ ಹಣ ವಾಪಸ್ ಕೊಡಿಸಿ ಅಂತ ನಮ್ಮ ಬ್ಯಾಂಕಿನಲ್ಲಿ ದೂರು (ಕಾರ್ಡ್ ಡಿಸ್ಪ್ಯೂಟ್) ಹಾಕಿದ್ದೇನೆ. ಚಾಟ್‌ಗಳು, ಆ ಸೀನಿಯರ್ ಪಾಸಿನ ಸ್ಕ್ರೀನ್‌ಶಾಟ್, “ಹೇಳಬೇಡಿ” ಅಂದ ಮೆಸೇಜ್, ಎಲ್ಲ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಹೋಗುವವರು ಇಷ್ಟು ಮಾಡಿ. ಮೊದಲೇ ಕ್ಲಬ್ ಸದಸ್ಯತ್ವ ತೆಗೆದುಕೊಂಡು ಬ್ಯಾಲೆಟ್‌ಗೆ ಹಾಕಿ, ಸಿಗದಿದ್ದರೆ ಸದಸ್ಯರು ಬಿಟ್ಟುಕೊಟ್ಟ ಟಿಕೆಟ್ಟನ್ನು ಕ್ಲಬ್ಬೇ ಮರುಮಾರಾಟ ಮಾಡುವ ಜಾಗದಲ್ಲಿ ದಿನಾ ನೋಡುತ್ತಿರಿ. ಕೈಯಲ್ಲಿ ದುಡ್ಡಿದ್ದರೆ ಕ್ಲಬ್ಬೇ ಮಾರುವ, ಊಟ-ಉಪಚಾರವೂ ಸೇರಿದ ಹಾಸ್ಪಿಟಾಲಿಟಿ ಪ್ಯಾಕೇಜ್ ಇದೆ. ದುಬಾರಿ, ನಿಜ. ಆದರೆ ಒಳಗಾದರೂ ಬಿಡುತ್ತಾರೆ. ಮ್ಯಾಚಿನ ಹಿಂದಿನ ದಿನ, ಮುಂದಿನ ದಿನ ಎರಡನ್ನೂ ಖಾಲಿ ಇಟ್ಟುಕೊಳ್ಳಿ, ದಿನಾಂಕ ಸರಿಯುತ್ತದೆ. ಮ್ಯಾಚ್ ದಿನ ಬೆಳಿಗ್ಗೆ ಟಿಕೆಟ್ ಕೊಡುತ್ತೇವೆ ಅನ್ನುವವರಿಗೆ ಒಂದು ಪೈಸೆ ಕೊಡಬೇಡಿ.

ಅನಧಿಕೃತವಾಗಿ ಟಿಕೆಟ್ ಮಾರುವ ವೆಬ್‌ಸೈಟ್‌ಗಳ ಪಟ್ಟಿಯನ್ನು ಪ್ರೀಮಿಯರ್ ಲೀಗ್ ತನ್ನ ಸ್ವಂತ ವೆಬ್‌ಸೈಟಿನಲ್ಲೇ ಹಾಕಿದೆ. ಈಗಾಗಲೇ ಎಲ್ಲಾದರೂ ಬುಕ್ ಮಾಡಿದ್ದರೆ ಆ ಪಟ್ಟಿ ತೆಗೆದು ಹೆಸರು ಹುಡುಕಿ. ಅದರಲ್ಲಿ ಇದ್ದರೆ ಮ್ಯಾಚ್ ದಿನದವರೆಗೆ ಕಾಯಬೇಡಿ, ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ. ಮಕ್ಕಳಿಗೆ ಟಿಕೆಟ್ ಸಿಕ್ಕಿತು ಅಂತ ಇನ್ನೂ ಹೇಳಿಲ್ಲವಾದರೆ, ಸದ್ಯಕ್ಕೆ ಹೇಳಬೇಡಿ.