ಪ್ಲ್ಯಾಬ್ ಪರೀಕ್ಷೆಗೆ ಬ್ರಿಟನ್ ವಿಸಿಟರ್ ವೀಸಾ: ಬೆಂಗಳೂರಿನ ಒಂದು ವೀಸಾ ಕಚೇರಿಯ ಸೇವೆ ನಮಗೆ ಕಂಡಂತೆ

ನನ್ನ ಮಗಳ ಬ್ರಿಟನ್ ವಿಸಿಟರ್ ವೀಸಾ ಅರ್ಜಿಯನ್ನು 2025ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಒಂದು ಚಿಕ್ಕ ಕಚೇರಿಯ ನೆರವಿನಿಂದ ಸಿದ್ಧಪಡಿಸಿದೆವು. ಆ ಕಚೇರಿಯ ಕೆಲಸದಲ್ಲಿ ನಾನು ಮನಸಾರೆ ಮೆಚ್ಚುವಂಥದ್ದು ಬಹಳಷ್ಟಿದೆ, ಒಪ್ಪಲಾರದ ಒಂದು ದೊಡ್ಡ ವಿಷಯವೂ ಇದೆ. ತಪ್ಪು ನಡೆದದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗನ ಕೈಯಲ್ಲಾದ್ದರಿಂದ ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಇದೇ ದಾರಿಯಲ್ಲಿರುವ ಯುವ ವೈದ್ಯರಿಗೂ ಅವರ ತಂದೆತಾಯಿಗಳಿಗೂ ಇಂಥ ಸೇವೆಯಿಂದ ಏನನ್ನು ಪಡೆಯಬಹುದು, ಯಾವುದನ್ನು ಅವರ ಕೈಗೆ ಬಿಡಬಾರದು ಎಂಬುದು ತಿಳಿಯಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಬ್ರಿಟನ್ನಿನಲ್ಲಿ ವೈದ್ಯವೃತ್ತಿ ಮಾಡಬೇಕೆನ್ನುವ ನಮ್ಮ ಎಂಬಿಬಿಎಸ್ ಪದವೀಧರರಲ್ಲಿ ಹೆಚ್ಚಿನವರು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ನಡೆಸುವ ಪ್ಲ್ಯಾಬ್ ಪರೀಕ್ಷೆ ಬರೆಯುತ್ತಾರೆ. ಅದರ ಮೊದಲ ಭಾಗ 3 ಗಂಟೆಯಲ್ಲಿ 180 ಪ್ರಶ್ನೆಗಳಿಗೆ ಉತ್ತರಿಸುವ ಪರೀಕ್ಷೆಯಾಗಿದ್ದು, ಅದನ್ನು ಭಾರತದಲ್ಲಿಯೇ ಬರೆಯಬಹುದು. ಎರಡನೇ ಭಾಗಕ್ಕೆ ಮಾತ್ರ ಮ್ಯಾಂಚೆಸ್ಟರ್‌ಗೇ ಹೋಗಬೇಕು. ಅಲ್ಲಿ 16 ಸನ್ನಿವೇಶಗಳಿರುತ್ತವೆ. ಒಂದೊಂದಕ್ಕೂ 8 ನಿಮಿಷದಂತೆ, ರೋಗಿಯ ಪಾತ್ರ ವಹಿಸುವವರೊಡನೆ ಮಾತನಾಡಿ ಪರೀಕ್ಷಿಸಿ ತೋರಿಸಬೇಕು. ಮೊದಲ ಭಾಗ ತೇರ್ಗಡೆಯಾದ 2 ವರ್ಷಗಳೊಳಗೆ ಎರಡನೆಯದನ್ನೂ ಮುಗಿಸಬೇಕಾದ್ದರಿಂದ, ವೀಸಾ ತಿರಸ್ಕೃತವಾದರೆ ಕೈಬಿಡುವುದು ಬರೀ ಶುಲ್ಕವಲ್ಲ, ಕಷ್ಟಪಟ್ಟು ಸಿಕ್ಕ ಪರೀಕ್ಷೆಯ ದಿನಾಂಕವೂ ಹೌದು. ಮೇಲಾಗಿ, ವಿಸಿಟರ್ ವೀಸಾ ನಿರಾಕರಣೆಯ ವಿರುದ್ಧ ಸಾಮಾನ್ಯವಾಗಿ ಮೇಲ್ಮನವಿಗೆ ಅವಕಾಶವಿಲ್ಲ. ಮತ್ತೆ ಹಣ ಕಟ್ಟಿ ಹೊಸ ಅರ್ಜಿ ಹಾಕುವುದೊಂದೇ ದಾರಿ. ಮಗಳ ಪರೀಕ್ಷೆ ಜುಲೈ ಕೊನೆಯ ವಾರದಲ್ಲಿತ್ತು. ಅದರ ಬೆನ್ನಿಗೇ ಒಂದು ಆಸ್ಪತ್ರೆಯಲ್ಲಿ ಎರಡು ವಾರಗಳ ಕ್ಲಿನಿಕಲ್ ಅಟ್ಯಾಚ್‌ಮೆಂಟ್, ಎಂದರೆ ರೋಗಿಗಳಿಗೆ ಚಿಕಿತ್ಸೆ ನೀಡದೆ ಅಲ್ಲಿನ ವೈದ್ಯರ ಕೆಲಸವನ್ನು ಗಮನಿಸಿ ಕಲಿಯುವ ಅವಕಾಶ, ಅವಳಿಗೆ ಸಿಕ್ಕಿತ್ತು.

ಅರ್ಜಿಯನ್ನು ನಾವೇ ತುಂಬಬಹುದಿತ್ತು. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿರುವ ನಮೂನೆ ಕ್ಲಿಷ್ಟವೇನಲ್ಲ, ಮಗಳಿಗೆ ಇಂಗ್ಲಿಷ್ ತೊಡಕೂ ಅಲ್ಲ. ನಮ್ಮನ್ನು ಹಿಂಜರಿಯುವಂತೆ ಮಾಡಿದ್ದು ನನ್ನ ಕಡೆಯ ಕಾಗದಗಳು. ನಾನು ಸಾಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ. ಪಿಂಚಣಿಯ ಜೊತೆಗೆ ಎರಡೂಕಾಲು ಎಕರೆ ಅಡಿಕೆ ತೋಟದ ಆದಾಯವಿದೆ. ಅವಳ ಪ್ರಯಾಣದ ಖರ್ಚನ್ನು ಭರಿಸುವವನು ನಾನಾದ್ದರಿಂದ ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್, ತೋಟದ ಪಹಣಿ, ಪಿಂಚಣಿಯ ಕಾಗದ ಎಲ್ಲವೂ ದೂರದ ದೇಶದ ಅಧಿಕಾರಿಯೊಬ್ಬರ ಕಣ್ಣಿಗೆ ಅರ್ಥವಾಗುವಂತೆ ಜೋಡಣೆಯಾಗಬೇಕಿತ್ತು. ಈ ವೀಸಾಕ್ಕೆ ಸಾಮಾನ್ಯವಾಗಿ ಸಂದರ್ಶನವಿರುವುದಿಲ್ಲ, ಕಾಗದ ನೋಡಿಯೇ ತೀರ್ಮಾನ. ಕಾಗದ ಹೇಳದ್ದನ್ನು ಎದುರು ಕುಳಿತು ವಿವರಿಸುವ ಅವಕಾಶವೇ ಬರುವುದಿಲ್ಲ.

ಈ ಕೆಲಸದಲ್ಲಿ ಕಚೇರಿಯ ಹಿರಿಯ ಮಹಿಳೆಯೊಬ್ಬರು ತೋರಿದ ಶ್ರದ್ಧೆಯನ್ನು ನಾನು ಮರೆಯಲಾರೆ. ನನ್ನ ಆರು ತಿಂಗಳ ಸ್ಟೇಟ್‌ಮೆಂಟನ್ನು ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ ಹಿಡಿದು ಸಾಲುಸಾಲಾಗಿ ನೋಡುತ್ತ ಬಂದವರು ಏಪ್ರಿಲ್ ತಿಂಗಳ ಒಂದು ಜಮಾದ ಬಳಿ ನಿಂತರು. ಅಲ್ಲಿ 4,60,000 ರೂಪಾಯಿ ಒಮ್ಮೆಗೇ ಬಂದಿತ್ತು. “ಮೇಷ್ಟ್ರೇ, ಇದೇನು?” ಎಂದು ಕೇಳಿದರು. ಅಡಿಕೆ ಮಾರಿದ ದುಡ್ಡು ಎಂದೆ. ನಮಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ದರ ನೋಡಿ ಸರಕು ಕೊಟ್ಟಾಗ ವರ್ಷದ ದುಡ್ಡು ಒಟ್ಟಿಗೇ ಬರುತ್ತದೆ. ಆದರೆ ತಿಂಗಳ ಸಂಬಳದ ಲೆಕ್ಕದಲ್ಲಿ ಬೆಳೆದವರಿಗೆ, ವೀಸಾ ಅರ್ಜಿಗೆ ಒಂದು ತಿಂಗಳು ಮೊದಲು ಖಾತೆಗೆ ಬಂದು ಬಿದ್ದ ದೊಡ್ಡ ಮೊತ್ತ ಯಾರಿಂದಲೋ ಸಾಲ ತಂದು ತೋರಿಸಿದ ಹಣದಂತೆ ಕಾಣುತ್ತದೆ ಎಂದು ಅವರು ವಿವರಿಸಿದರು. ಹಣ ಎಷ್ಟಿದೆ ಎಂಬುದಷ್ಟೇ ಸಾಲದು, ಅದು ಎಲ್ಲಿಂದ ಬಂತೆಂಬುದೂ ಕಾಗದದಲ್ಲಿ ಇರಬೇಕು. ಅವರ ಸೂಚನೆಯಂತೆ ಆ ಮಾರಾಟದ ಬಿಲ್ಲನ್ನೂ, ಹಿಂದಿನ ಎರಡು ವರ್ಷಗಳಲ್ಲಿ ಇದೇ ಕಾಲಕ್ಕೆ ಬಂದ ಮಾರಾಟದ ಹಣದ ಬಿಲ್ಲು ಮತ್ತು ಪಾಸ್‌ಬುಕ್ ಪುಟಗಳನ್ನೂ ಊರಿನಿಂದ ತರಿಸಿದೆ. ಮೂರು ವರ್ಷಗಳ ಬಿಲ್ಲು ಒಂದರ ಪಕ್ಕ ಒಂದು ಕುಳಿತಾಗ ತೋಟದ ಫಸಲಿನ ಕ್ರಮ ತಾನಾಗಿಯೇ ಸ್ಪಷ್ಟವಾಯಿತು. ನಾವಾಗಿಯೇ ಅರ್ಜಿ ಹಾಕಿದ್ದರೆ ಆ ಜಮಾ ಯಾವ ವಿವರಣೆಯೂ ಇಲ್ಲದೆ ಹೋಗುತ್ತಿತ್ತು. ಅವರಿಗೆ ಕೊಟ್ಟ ಶುಲ್ಕಕ್ಕೆ ಇದೊಂದು ಕೆಲಸವೇ ಸಾಕೆಂದು ನಾನು ಭಾವಿಸುತ್ತೇನೆ.

ಭಾಷಾಂತರದ ಕೆಲಸವೂ ಅಷ್ಟೇ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಇಲ್ಲದ ಪ್ರತಿಯೊಂದು ದಾಖಲೆಯ ಜೊತೆಗೂ ಅದರ ಅನುವಾದ ಇರಬೇಕು, ಅನುವಾದ ಮೂಲಕ್ಕೆ ಸರಿಯಾಗಿದೆ ಎಂಬ ದೃಢೀಕರಣದ ಕೆಳಗೆ ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಇರಬೇಕು ಎಂಬುದು ನಿಯಮ. ಪಹಣಿಯನ್ನು ಇಂಗ್ಲಿಷಿಗೆ ತರುವುದು ಸುಲಭವಲ್ಲ. ಅನುವಾದಕರು ನನಗೆ ಎರಡು ಬಾರಿ ಫೋನ್ ಮಾಡಿ, ಖರಾಬು ಎಂದು ನಮೂದಾಗಿರುವ ಮೂರು ಗುಂಟೆ ನಿಜಕ್ಕೂ ಎಂಥ ಜಾಗವೆಂದು ಕೇಳಿದರು. ಶಬ್ದಕ್ಕೆ ಶಬ್ದ ಇಟ್ಟು ‘ಕೆಟ್ಟುಹೋದ ಭೂಮಿ’ ಎಂಬರ್ಥ ಬರುವಂತೆ ಬರೆದುಬಿಡುವ ಅನುವಾದಗಳನ್ನು ನಾನು ಬೇರೆ ಕಡೆ ನೋಡಿದ್ದೇನೆ. ಇವರು ‘ಸಾಗುವಳಿಗೆ ಸೇರದೆ ವಿಸ್ತೀರ್ಣದಲ್ಲಿ ಕಳೆಯುವ ಭೂಮಿ’ ಎಂದು ಸರಿಯಾಗಿ ಬಿಡಿಸಿ ಬರೆದರು. 40 ಗುಂಟೆಗೆ ಒಂದು ಎಕರೆ ಎಂಬ ಟಿಪ್ಪಣಿಯನ್ನು ಪುಟದ ಕೆಳಗೆ ಹಾಕಿದರು. ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟವನ್ನು ಆಸ್ತಿಯಾಗಿ ತೋರಿಸಬೇಕೇ ಎಂಬ ಪ್ರಶ್ನೆ ಬಂದಾಗ, ಅದರ ಮೇಲೆ ನಮಗಿರುವುದು ಸೊಪ್ಪು, ಸೌದೆ ತರುವ ಸೌಲಭ್ಯವೇ ಹೊರತು ಒಡೆತನವಲ್ಲವೆಂದು ಹೇಳಿ ಕೈಬಿಡಿಸಿದೆ. ಅವರೂ ಒಡನೆಯೇ ಒಪ್ಪಿದರು.

ಆಸ್ಪತ್ರೆಯ ಪತ್ರದ ವಿಷಯದಲ್ಲಿ ಕೂಡ ಅವರ ಕಣ್ಣು ಚುರುಕಾಗಿತ್ತು. ಪ್ಲ್ಯಾಬ್‌ಗೆ ಹೋಗುವವರು ಪರೀಕ್ಷೆ ನಿಗದಿಯಾಗಿರುವ ಬಗ್ಗೆ ಕೌನ್ಸಿಲ್‌ನ ಲಿಖಿತ ದೃಢೀಕರಣವನ್ನು ಲಗತ್ತಿಸಬೇಕು. ಅದು ನಮ್ಮಲ್ಲಿ ಸರಿಯಾಗಿತ್ತು. ಕ್ಲಿನಿಕಲ್ ಅಟ್ಯಾಚ್‌ಮೆಂಟ್‌ಗೆ ಆಸ್ಪತ್ರೆಯ ಲಿಖಿತ ಆಹ್ವಾನ ಬೇಕು, ಅದು ಸಂಬಳವಿಲ್ಲದ್ದಾಗಿರಬೇಕು, ರೋಗಿಗಳ ಚಿಕಿತ್ಸೆ ಅದರಲ್ಲಿ ಸೇರಿರಬಾರದು, ಅರ್ಜಿದಾರರು ಈ ಮೊದಲು ಬ್ರಿಟನ್ನಿನಲ್ಲಿ ಇದನ್ನು ಮಾಡಿರಬಾರದು. ನಮಗೆ ಬಂದಿದ್ದ ಇ-ಮೇಲ್‌ನಲ್ಲಿ ದಿನಾಂಕ ಮತ್ತು ವಿಭಾಗದ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ‘ವೇತನರಹಿತ’, ‘ವೀಕ್ಷಣೆ ಮಾತ್ರ’ ಎಂಬೆರಡು ಮಾತುಗಳು ಲೆಟರ್‌ಹೆಡ್ ಮೇಲೆ ಬರಲೇಬೇಕೆಂದು ಹೇಳಿ, ಮಗಳಿಂದ ಅಲ್ಲಿಗೆ ಬರೆಸಿ, ಐದು ದಿನಗಳಲ್ಲಿ ಹೊಸ ಪತ್ರ ತರಿಸಿದರು.

ಇನ್ನು ನನಗೆ ಒಪ್ಪಿಗೆಯಾಗದ ಸಂಗತಿ. ಮೊದಲ ದಿನ ಕೊಟ್ಟ ದಾಖಲೆಗಳ ಪಟ್ಟಿಯಲ್ಲಿ ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರ ಸೇರಿತ್ತು. ಅದು ಬೇಕಾಗುವುದು 6 ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋಗುವವರಿಗೆ. ಮಗಳು ಹೋಗುತ್ತಿದ್ದುದು ಐದು ವಾರಕ್ಕೆ. ವಿದ್ಯಾರ್ಥಿ ವೀಸಾದ ಪಟ್ಟಿಯನ್ನೇ ಎಲ್ಲರಿಗೂ ಕೊಡುತ್ತಿದ್ದರೆಂಬುದು ಆಮೇಲೆ ತಿಳಿಯಿತು. ಇದು ಸಣ್ಣದು, ಹೇಳಿದ ತಕ್ಷಣ ತೆಗೆದುಹಾಕಿದರು. ದೊಡ್ಡದು ಎರಡನೇ ಭೇಟಿಯಲ್ಲಿ ನಡೆಯಿತು. ಅರ್ಜಿಯ ಕರಡನ್ನು ಓದುತ್ತಿದ್ದ ಮಗಳು ಒಂದು ಪುಟದ ಮೇಲೆ ಬೆರಳಿಟ್ಟು, “ಅಪ್ಪಯ್ಯ, ಇಲ್ಲಿ ನೋಡು” ಎಂದಳು. ಪ್ರಯಾಣದ ಉದ್ದೇಶ ಎಂಬಲ್ಲಿ ಪ್ರವಾಸ ಎಂದಿತ್ತು. ಜೊತೆಯ ಪತ್ರದಲ್ಲಿ ಲಂಡನ್ನಿನ ಅರಮನೆ, ವಸ್ತುಸಂಗ್ರಹಾಲಯ ನೋಡುವ ಮೂರು ಪ್ಯಾರಾಗಳಿದ್ದವು. ಪರೀಕ್ಷೆಯ ಮಾತು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು, ಆಸ್ಪತ್ರೆಯ ಸುದ್ದಿಯೇ ಇರಲಿಲ್ಲ. ಕರಡು ಮಾಡಿದ್ದ ಹುಡುಗನನ್ನು ಕೇಳಿದಾಗ, ಡಾಕ್ಟರಿಕೆ, ಆಸ್ಪತ್ರೆ ಎಂದೆಲ್ಲ ಬರೆದರೆ ಅಲ್ಲೇ ಉಳಿದುಬಿಡುತ್ತಾರೆಂದು ಅಧಿಕಾರಿಗಳು ಶಂಕಿಸುತ್ತಾರೆ, ಪ್ರವಾಸವೆಂದರೆ ಸಲೀಸು ಎಂದು ಅವನು ಪೂರ್ಣ ವಿಶ್ವಾಸದಿಂದ ಹೇಳಿದ.

ಈ ಸಲಹೆ ತಪ್ಪು ಮಾತ್ರವಲ್ಲ, ಬಹಳ ಅಪಾಯಕಾರಿ ಎಂದು ಓದುಗರಿಗೆ ಒತ್ತಿ ಹೇಳಲು ಬಯಸುತ್ತೇನೆ. ಪ್ಲ್ಯಾಬ್ ಎರಡನೇ ಭಾಗವನ್ನು ಬರೆಯುವುದೂ, ವೇತನವಿಲ್ಲದ ಕ್ಲಿನಿಕಲ್ ಅಟ್ಯಾಚ್‌ಮೆಂಟ್ ಮಾಡುವುದೂ ವಿಸಿಟರ್ ವೀಸಾದಲ್ಲಿ ಮಾಡಬಹುದಾದ ಕೆಲಸಗಳೆಂದು ಬ್ರಿಟನ್ನಿನ ನಿಯಮವೇ ಹೆಸರು ಹೇಳಿ ಅನುಮತಿಸಿರುವಾಗ ಅವುಗಳನ್ನು ಬಚ್ಚಿಡಬೇಕಾದ ಅಗತ್ಯವೇನು? ಬಚ್ಚಿಟ್ಟದ್ದು ಹೊರಬಿದ್ದು ವಂಚನೆಯೆಂದು ತೀರ್ಮಾನವಾದರೆ ಮುಂದಿನ 10 ವರ್ಷಗಳ ಕಾಲ ಆ ದೇಶದ ಬಾಗಿಲು ಮುಚ್ಚಬಹುದು. ವೈದ್ಯರಾಗಿ ನೋಂದಣಿ ಬಯಸುವವರಿಗೆ ಪ್ರಾಮಾಣಿಕತೆಯ ಮೇಲೆ ಬೀಳುವ ಕಲೆ ವೀಸಾ ನಿರಾಕರಣೆಗಿಂತಲೂ ಭಾರವಾದದ್ದು. ಸಹಿ ಮಾಡುವವಳು ಮಗಳು, ಉತ್ತರ ಕೊಡಬೇಕಾದವಳೂ ಅವಳೇ, ಬರೆದ ಹುಡುಗನಲ್ಲ. ಬ್ರಿಟನ್ನಿನೊಳಗೆ ವಲಸೆ ಸಲಹೆ ನೀಡುವವರು ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟಿರುತ್ತಾರೆ, ಆದರೆ ಬೆಂಗಳೂರಿನ ಕಚೇರಿಯೊಂದಕ್ಕೆ ಆ ಕಾನೂನು ತಗಲುವುದಿಲ್ಲ.

ಆ ದಿನವೇ ಹಿರಿಯ ಮಹಿಳೆಯವರ ಗಮನಕ್ಕೆ ತಂದೆವು. ಅವರು ಕರಡನ್ನು ಹರಿದುಹಾಕಿಸಿ, ಕ್ಷಮೆ ಕೇಳಿ, ಪತ್ರವನ್ನು ನೀವೇ ಬರೆಯುವುದು ಒಳ್ಳೆಯದು ಎಂದರು. ಮಗಳು ಆ ರಾತ್ರಿ ಕುಳಿತು ಒಂದೂವರೆ ಪುಟದ ಪತ್ರ ಬರೆದಳು. ಪರೀಕ್ಷೆ ಯಾವ ದಿನ, ಆಸ್ಪತ್ರೆಯಲ್ಲಿ ಎಷ್ಟು ದಿನ, ಎಲ್ಲಿ ತಂಗುವುದು, ಖರ್ಚೆಷ್ಟು, ಯಾರು ಕೊಡುವುದು, ಯಾವ ದಿನ ಹಿಂದಿರುಗುವುದು ಎಂಬುದೆಲ್ಲ ಅದರಲ್ಲಿತ್ತು. ಹೆಚ್ಚು ಹೊತ್ತು ಯೋಚಿಸಿದ್ದು ಒಂದೇ ವಾಕ್ಯಕ್ಕಾಗಿ. ಮುಂದೊಂದು ದಿನ ಅಲ್ಲಿಯೇ ಕೆಲಸ ಮಾಡುವ ಆಸೆಯಿರುವವಳು ‘ಮರಳಿ ಬರುತ್ತೇನೆ’ ಎಂದು ಬರೆಯುವುದು ಸುಳ್ಳಾಗುವುದಿಲ್ಲವೇ ಎಂದು ಅವಳು ನನ್ನನ್ನು ಕೇಳಿದಳು. ನಾವಿಬ್ಬರೂ ನಿಯಮಗಳನ್ನು ಓದಿಕೊಂಡು ಕಂಡುಕೊಂಡದ್ದಿಷ್ಟು: ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿದ್ದುಕೊಂಡೇ ಉದ್ಯೋಗದ ವೀಸಾಕ್ಕೆ ಬದಲಾಯಿಸಿಕೊಳ್ಳಲು ಬರುವುದಿಲ್ಲ, ಕೆಲಸ ಸಿಕ್ಕರೂ ಊರಿಗೆ ಮರಳಿ, ಇಲ್ಲಿಂದ ಬೇರೆ ಅರ್ಜಿಯನ್ನೇ ಹಾಕಬೇಕು. ಅದನ್ನೇ ಅವಳು ನೇರವಾಗಿ ಬರೆದಳು. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮುಂದೆ ನಿಯಮದಂತೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವೆನೆಂದೂ, ಈ ಪ್ರಯಾಣ ಮುಗಿದ ಕೂಡಲೇ ತಾನು ಡ್ಯೂಟಿ ಡಾಕ್ಟರ್ ಆಗಿರುವ ಆಸ್ಪತ್ರೆಯ ಕೆಲಸಕ್ಕೆ ಹಾಜರಾಗುವೆನೆಂದೂ ತಿಳಿಸಿ, ರಜೆ ಮಂಜೂರಾದ ಪತ್ರವನ್ನು ಲಗತ್ತಿಸಿದಳು. ಆ ಪತ್ರವನ್ನು ಓದಿದಾಗ ನನಗೆ ಹೆಮ್ಮೆಯೆನಿಸಿತು.

ಇದಾದ ಮೇಲೆ ಕಚೇರಿಯ ಕೆಲಸ ಮತ್ತೆ ಅಚ್ಚುಕಟ್ಟಾಗಿ ನಡೆಯಿತು. ಎಂಬಿಬಿಎಸ್ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರವಿದ್ದು ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ವಿಸ್ತರಿಸಿ ಬಂದಿದ್ದುದಕ್ಕೆ ನೋಟರಿಯವರಲ್ಲಿ ಅಫಿಡವಿಟ್ ಮಾಡಿಸಿದರು. ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿ ಕಡತಕ್ಕೂ ಒಳಗಿರುವುದೇನೆಂದು ತಿಳಿಯುವ ಹೆಸರಿಟ್ಟು, ನಮ್ಮೆದುರಿನಲ್ಲಿಯೇ ಅಪ್‌ಲೋಡ್ ಮಾಡಿದರು. ವೀಸಾ ಶುಲ್ಕ 2025ರ ಏಪ್ರಿಲ್‌ನಿಂದ 127 ಪೌಂಡ್ ಆಗಿತ್ತು, ಅದನ್ನು ಮಗಳೇ ತನ್ನ ಕಾರ್ಡಿನಿಂದ ನೇರವಾಗಿ ಕಟ್ಟಿದಳು. ಬೆರಳಚ್ಚು ಮತ್ತು ಫೋಟೊ ಕೊಡಲು, ವೀಸಾ ಅರ್ಜಿಗಳನ್ನು ಸ್ವೀಕರಿಸುವ ವಿಎಫ್‌ಎಸ್ ಸಂಸ್ಥೆಯ ಕೇಂದ್ರಕ್ಕೆ ಹೋದದ್ದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರವೆಂದು ಹೇಳುತ್ತಾರೆ. ನಮಗೆ ಹದಿಮೂರನೇ ಕೆಲಸದ ದಿನ ಪಾಸ್‌ಪೋರ್ಟ್ ವೀಸಾದೊಡನೆ ಕೈಸೇರಿತು.

ಕಚೇರಿ ಪಡೆದ ಶುಲ್ಕ 9,500 ರೂಪಾಯಿ, ಅನುವಾದಕ್ಕೆ ಪುಟಕ್ಕೆ 600 ರೂಪಾಯಿ ಬೇರೆ. ಮನೆಯ ಆದಾಯ ಸಂಬಳದಿಂದಲೇ ಬರುವುದಾಗಿದ್ದು ಕಾಗದಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುವವರು ಇಷ್ಟು ಹಣ ಕೊಡಬೇಕಾಗಿಲ್ಲ. ನಾಲ್ಕು ಸಂಜೆ ಕುಳಿತರೆ ತಾವೇ ಮಾಡಿಕೊಳ್ಳಬಹುದು. ಕೃಷಿ ಆದಾಯ, ಪಹಣಿ, ಸೊಸೈಟಿಯ ಲೆಕ್ಕ ಇರುವ ನಮ್ಮಂಥವರು ಅವರಲ್ಲಿಗೆ ಧೈರ್ಯವಾಗಿ ಹೋಗಬಹುದು, ಆದರೆ ಉದ್ದೇಶದ ಪತ್ರವನ್ನು ಮೊದಲೇ ಮನೆಯಲ್ಲಿ ಬರೆದುಕೊಂಡು ಹೋಗಬೇಕು, ಅರ್ಜಿಯ ಲಾಗಿನ್ ಮತ್ತು ಪಾಸ್‌ವರ್ಡ್ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು, ಸಲ್ಲಿಸುವ ಮೊದಲು ಇಡೀ ನಮೂನೆಯನ್ನು ಮುದ್ರಿಸಿ ಓದಬೇಕು. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಬರುವುದಿಲ್ಲವಾದರೂ ಕಾಗದ ಜೋಡಿಸಲು ಅಷ್ಟು ಕಾಯಬೇಕಾಗಿಲ್ಲ; ನಮಗೆ ಅನುವಾದಕ್ಕೇ ಒಂಬತ್ತು ದಿನ ಹಿಡಿಯಿತು, ಊರಿನಿಂದ ಹಳೆಯ ಮಾರಾಟದ ಬಿಲ್ಲುಗಳು ಬರಲು ಇನ್ನೂ ಒಂದು ವಾರ.